ಕಬಾಬ್ ಟಾಕೋ ಆಗಬೇಕಾದರೆ: ಲಾಸ್ ಏಂಜಲೀಸ್‌ನ ಅರ್ಮೇನಿಯನ್–ಮೆಕ್ಸಿಕನ್ ಅಡುಗೆಮನೆಯ ಒಂದು ಪ್ರಕರಣ ಅಧ್ಯಯನ

ಅರ್ಮೇನಿಯನ್ ಲುಲಾ ಕಬಾಬನ್ನು (ಸಲಾಕೆಗೆ ಮೆತ್ತಿ ಸುಟ್ಟ ಖೀಮಾ) ಟೊರ್ಟಿಯ ಎಂಬ ಮೆಕ್ಸಿಕೊದ ತೆಳು ಮೆಕ್ಕೆಜೋಳದ ರೊಟ್ಟಿಯಲ್ಲಿಟ್ಟು, ಮೇಲೆ ಬೆಳ್ಳುಳ್ಳಿ ಸಾಸ್ ಸುರಿದು, ಸಾಲ್ಸಾ (ಟೊಮೆಟೊ, ಮೆಣಸಿನಕಾಯಿಯ ಸಾಸ್) ಹಾಕಿ, ಮಡಿಸಿ ಟಾಕೋ ಎಂದು ಕೊಟ್ಟರೆ ಏನಾಗುತ್ತದೆ? ಮೊದಲ ತುತ್ತಿಗೆ ಇಡೀ ಕಬಾಬ್ ಹಲ್ಲಿಗೆ ಸಿಕ್ಕಿ ಹೊರಗೆ ಬರುತ್ತದೆ. ಎರಡನೇ ತುತ್ತಿಗೆ ಟೊರ್ಟಿಯ ಮಡಿಕೆಯಲ್ಲಿ ಬಿರಿಯುತ್ತದೆ. ಬಿಸಿ ಮಾಂಸಕ್ಕೆ ತಾಗಿದ ಬೆಳ್ಳುಳ್ಳಿ ಸಾಸ್ ಒಡೆದು ಎಣ್ಣೆಯಾಗಿ ಮೊಣಕೈವರೆಗೆ ಇಳಿಯುತ್ತದೆ. ಕೊನೆಗೆ ಕಾಗದದ ತಟ್ಟೆಯಲ್ಲಿ ಉಳಿಯುವುದು ಒದ್ದೆ ಹಿಟ್ಟು, ಒಂದಿಷ್ಟು ಖೀಮಾ. ಒಂದೊಂದನ್ನೂ ಬೇರೆಬೇರೆಯಾಗಿ ತಿಂದರೆ ಎಲ್ಲವೂ ರುಚಿಯಾಗಿಯೇ ಇರುತ್ತದೆ. ಸೇರಿಸಿದಾಗ ಮಾತ್ರ ಕೆಡುತ್ತದೆ.

ಈ ಅಧ್ಯಯನ ಎತ್ತಿಕೊಂಡಿರುವುದು ಇದೇ ಸನ್ನಿವೇಶವನ್ನು. ತಟ್ಟೆಯಲ್ಲಿ ಅನ್ನ, ಸುಟ್ಟ ಟೊಮೆಟೊ, ಲವಾಶ್ ರೊಟ್ಟಿಯ ಜೊತೆ ಕಬಾಬ್ ಬಡಿಸುವ ಅಡುಗೆಮನೆಯೊಂದು ಟಾಕೋ ಅಂಗಡಿಯಾಗಲು ಹೊರಟರೆ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು, ಶುಕ್ರವಾರ ಸಂಜೆಯ ನೂಕುನುಗ್ಗಲಿನಲ್ಲಿ ಅದು ಹೇಗೆ ನಿಭಾಯಿಸಬೇಕು? ಲೆಕ್ಕ ಹಾಕಲು ಒಂದು ಮಾದರಿ ಅಂಗಡಿಯನ್ನು ಇಟ್ಟುಕೊಂಡಿದ್ದೇವೆ: 30 ಕುರ್ಚಿ, 36 ಇಂಚಿನ ಒಂದು ಗ್ಯಾಸ್ ಗ್ರಿಲ್, 24 ಇಂಚು ಚೌಕದ ಒಂದು ಕೊಮಾಲ್ (ಟೊರ್ಟಿಯ ಬೇಯಿಸುವ ಚಪ್ಪಟೆ ಕಾವಲಿ), ನಾಲ್ಕು ಜನ ಕೆಲಸಗಾರರು, ಜೋರಿನ ಹೊತ್ತಿನಲ್ಲಿ ಗಂಟೆಗೆ 120 ಟಾಕೋ. ಕೊಡುವ ಅಳತೆಗಳು ಈ ಮಾದರಿಗೆ ಕಟ್ಟಿದವು, ಯಾವುದೇ ಅಂಗಡಿಯ ಗುಟ್ಟಿನ ಪಾಕವಲ್ಲ.

ಈ ಜೋಡಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಲಾಸ್ ಏಂಜಲೀಸ್‌ನ ಈಸ್ಟ್ ಹಾಲಿವುಡ್‌ನ ಒಂದು ಭಾಗಕ್ಕೆ 2000ನೇ ಇಸವಿಯಲ್ಲಿ ನಗರಾಡಳಿತವೇ ಲಿಟ್ಲ್ ಅರ್ಮೇನಿಯಾ ಎಂದು ಹೆಸರಿಟ್ಟಿತು. ಪಕ್ಕದ ಗ್ಲೆಂಡೇಲ್ ನಗರದಲ್ಲಿ ಅರ್ಮೇನಿಯನ್ನರು ಇನ್ನೂ ದಟ್ಟವಾಗಿದ್ದಾರೆ. ಎಲ್ಲರೂ ಒಂದೇ ಊರಿಂದ ಬಂದವರಲ್ಲ. 1975ರಲ್ಲಿ ಶುರುವಾದ ಲೆಬನಾನ್ ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಬೈರೂತ್‌ನಿಂದ ಬಂದವರು ಬೆಳ್ಳುಳ್ಳಿ ಸಾಸ್ ಆದ ತೂಮ್ ತಂದರು. 1979ರ ಕ್ರಾಂತಿಯ ನಂತರ ಇರಾನಿನಿಂದ ಬಂದವರು ಅಗಲ ಸಲಾಕೆಗೆ ಖೀಮಾ ಮೆತ್ತುವ ಕೈಯನ್ನು ತಂದರು. ಸೋವಿಯತ್ ಅರ್ಮೇನಿಯಾದಿಂದ ಬಂದವರದು ಖೊರೊವಾತ್ಸ್: ಬರೀ ಉಪ್ಪು, ಮೆಣಸು, ಈರುಳ್ಳಿ ಹಚ್ಚಿ ಕೆಂಡದ ಮೇಲೆ ಸುಡುವ ದಪ್ಪ ಮಾಂಸದ ತುಂಡು. ಬೈರೂತ್‌ನಲ್ಲಿ 1962ರಲ್ಲಿ ಶುರುವಾಗಿ 1983ರಲ್ಲಿ ಹಾಲಿವುಡ್‌ಗೆ ಬಂದ ಝಾಂಕು ಚಿಕನ್ ಎಂಬ ಅಂಗಡಿ ಆ ಬೆಳ್ಳುಳ್ಳಿ ಸಾಸನ್ನು ಇಡೀ ನಗರದ ನಾಲಿಗೆಗೆ ಹತ್ತಿಸಿತು. ಇತ್ತ ಮೆಕ್ಸಿಕೊದ ಪುಯೆಬ್ಲಾದಲ್ಲಿ ಮಧ್ಯಪ್ರಾಚ್ಯದ ವಲಸಿಗರು 1930ರ ದಶಕದ ಹೊತ್ತಿಗೇ ನಿಲುವು ಸಲಾಕೆಯ ಮಾಂಸವನ್ನು ರೊಟ್ಟಿಯಲ್ಲಿ ಸುತ್ತಿ ಟಾಕೋ ಆರಾಬೆ ಮಾರುತ್ತಿದ್ದರು. ಟಾಕೋ ಅಲ್ ಪಾಸ್ತೋರ್ ಅದರದೇ ಮುಂದಿನ ಕವಲು. ಈಗ ಸಿಲ್ವರ್ ಲೇಕ್‌ನಲ್ಲಿ ಗ್ಲೆಂಡೇಲ್‌ನ ಮಿನಿ ಕಬಾಬ್ ಎಂಬ ಅಂಗಡಿಯ ಮನೆತನದ ಕೈ ಇರುವ ಮಿಡ್‌ಈಸ್ಟ್ ಟಾಕೋಸ್ ಇದೇ ಜಾಡಿನಲ್ಲಿ ನಡೆಯುತ್ತಿದೆ. ಈ ನಗರದ ಕಬಾಬ್ ಅಂಗಡಿಗಳ ಹಿಂದಿನ ಕೋಣೆಯಲ್ಲಿ ಮೆಕ್ಸಿಕೊ, ಮಧ್ಯ ಅಮೆರಿಕದ ಅಡುಗೆಯವರು ದುಡಿಯುವುದು ಸಾಮಾನ್ಯ. ಮಾಲೀಕನ ಲವಾಶ್, ಅಡುಗೆಯವನ ಟೊರ್ಟಿಯ ಒಂದೇ ಕಾವಲಿಯ ಮೇಲೆ ಬಿಸಿಯಾಗುತ್ತವೆ.

ನಮ್ಮ ಅಭಿಪ್ರಾಯ ಒಂದೇ: ಇಲ್ಲಿ ಬಗೆಹರಿಸಬೇಕಾದದ್ದು ರುಚಿಯ ಹೊಂದಾಣಿಕೆಯನ್ನಲ್ಲ, ನೀರನ್ನು. ಎರಡೂ ಅಡುಗೆಗಳ ರುಚಿ ಸಲೀಸಾಗಿ ಕೂಡುತ್ತದೆ, ಏಕೆಂದರೆ ಎರಡೂ ಬೆಂಕಿಯಲ್ಲಿ ಸುಟ್ಟ ತರಕಾರಿ, ಹಸಿ ಈರುಳ್ಳಿ, ಹುಳಿಯನ್ನು ನಂಬಿದವು. ಕೂಡದಿರುವುದು ಪಾತ್ರೆ. ಅರ್ಮೇನಿಯನ್ ಕಬಾಬ್ ಬಿಡುವ ರಸವನ್ನು ಹೀರಿಕೊಳ್ಳಲು ಅಡಿಯಲ್ಲಿ ಅನ್ನವೋ ಲವಾಶೋ ಇರುತ್ತದೆ. ಟಾಕೋದಲ್ಲಿ ಆ ಕೆಲಸಕ್ಕೆ ಇರುವುದು 16 ಗ್ರಾಂ ತೂಗುವ ಒಂದು ತೆಳು ಟೊರ್ಟಿಯ ಮಾತ್ರ. ಅದರ ಮೇಲೆ 50 ಗ್ರಾಂ ಕಬಾಬ್, 15 ಗ್ರಾಂ ಸಾಲ್ಸಾ, 12 ಗ್ರಾಂ ಸುಮಾಕ್ ಈರುಳ್ಳಿ (ಸುಮಾಕ್ ಎಂಬ ಹುಳಿ ಹಣ್ಣಿನ ಪುಡಿ ಬೆರೆಸಿದ ಹಸಿ ಈರುಳ್ಳಿ), 10 ಗ್ರಾಂ ಮೊಸರಿನ ಸಾಸ್ ಹೇರಿದರೆ ಹೂರಣ ರೊಟ್ಟಿಯ ಐದೂವರೆ ಪಟ್ಟಾಯಿತು. ಈ ನಾಲ್ಕೂ ನೀರು ಬಿಡುವ ಪದಾರ್ಥಗಳೇ.

ಆದ್ದರಿಂದ ಪ್ರತಿ ಪದಾರ್ಥದ ನೀರನ್ನೂ ಅದು ಟೊರ್ಟಿಯಕ್ಕೆ ಬರುವ ಮೊದಲೇ ಕಳೆಯಬೇಕು. ಲುಲಾದಿಂದ ಶುರುಮಾಡೋಣ.

ಐದು ಕಿಲೋ ಖೀಮಾಕ್ಕೆ ಲೆಕ್ಕ: ದನದ ಹೆಗಲಿನ ಮಾಂಸ 4 ಕಿಲೋ, ಕೊಬ್ಬಿರುವ ಎದೆಭಾಗ ಅಥವಾ ಕುರಿಕೊಬ್ಬು ಸೇರಿದ ಕುರಿಮಾಂಸ 1 ಕಿಲೋ. ಒಟ್ಟು ಕೊಬ್ಬು 22ರಿಂದ 25 ಶೇಕಡಾ ಇರಬೇಕು. 18ಕ್ಕಿಂತ ಕಡಿಮೆಯಾದರೆ ಒಣ ಕಡ್ಡಿಯಾಗುತ್ತದೆ. 30 ದಾಟಿದರೆ ಕೊಬ್ಬು ಬೆಂಕಿಗೆ ಸುರಿದು ಜ್ವಾಲೆ ಎದ್ದು ಮಸಿ ಹಿಡಿಯುತ್ತದೆ. ಉಪ್ಪು 85 ಗ್ರಾಂ, ಅಂದರೆ ಮಾಂಸದ 1.7 ಶೇಕಡಾ. ಮೆಕ್ಕೆಜೋಳದ ಟೊರ್ಟಿಯದಲ್ಲಿ ಉಪ್ಪೇ ಇರುವುದಿಲ್ಲ, ಹಾಗಾಗಿ ಮಾಂಸ ಅದನ್ನೂ ಹೊರಬೇಕು. ಇದೇ ಖೀಮಾವನ್ನು ಮೈದಾ ಟೊರ್ಟಿಯದಲ್ಲಿ ಕೊಡುವುದಾದರೆ 70 ಗ್ರಾಂ ಸಾಕು. ಕರಿಮೆಣಸು 15 ಗ್ರಾಂ, ಅಲೆಪ್ಪೊ ಮೆಣಸಿನ ತರಿ 30 ಗ್ರಾಂ, ತೊಳೆದು ಪೂರ್ತಿ ಒಣಗಿಸಿ ಸಣ್ಣಗೆ ಹೆಚ್ಚಿದ ಪಾರ್ಸ್ಲಿ 100 ಗ್ರಾಂ.

ಈರುಳ್ಳಿಯಲ್ಲೇ ಹೆಚ್ಚು ಜನ ಸೋಲುವುದು. 1 ಕಿಲೋ ಈರುಳ್ಳಿ ತುರಿದು ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ ಅರ್ಧಕ್ಕಿಂತ ಹೆಚ್ಚು ರಸ ಇಳಿದು 400–450 ಗ್ರಾಂ ತಿರುಳು ಉಳಿಯುತ್ತದೆ. ಖೀಮಾಕ್ಕೆ ಹೋಗಬೇಕಾದದ್ದು ಈ ತಿರುಳು ಮಾತ್ರ. ರಸವನ್ನು ಚೆಲ್ಲಬಾರದು, ಅದು ಕೋಳಿಯ ಮಸಾಲೆಗೆ ಬೇಕು. ಹಿಂಡದೆ ಹಾಕಿದರೆ ಖೀಮಾ ಸಲಾಕೆಯಿಂದ ಜಾರಿ ಕೆಂಡಕ್ಕೆ ಬೀಳುತ್ತದೆ. ಜಾರಲು ಬೇರೆ ಕಾರಣಗಳೂ ಇವೆ: ಮಾಂಸ ಬೆಚ್ಚಗಾಗಿ ಕೊಬ್ಬು ಮೆತ್ತಗಾಗಿರುವುದು, ಸಲಾಕೆ ಬಿಸಿಯಾಗಿ ಅಥವಾ ಜಿಡ್ಡಾಗಿರುವುದು, ಉಪ್ಪು ಹಾಕಿ ಸಾಕಷ್ಟು ನಾದದಿರುವುದು. ಉಪ್ಪು ಮಾಂಸದ ಪ್ರೋಟೀನನ್ನು ಬಿಡಿಸಿ ಅಂಟು ಮಾಡುತ್ತದೆ. ಆ ಅಂಟೇ ಖೀಮಾವನ್ನು ಹಿಡಿದಿಡುವುದು. 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತಣ್ಣಗಿರುವ ಮಾಂಸವನ್ನು ಮಿಕ್ಸರಿನ ನಿಧಾನ ವೇಗದಲ್ಲಿ 4–5 ನಿಮಿಷ ನಾದಿ. ಒಂದು ಉಂಡೆಯನ್ನು ಅಂಗೈಗೆ ಒತ್ತಿ ಕೈ ಬೋರಲು ಮಾಡಿ ನೋಡಿ. ಬೀಳದೆ ನಿಂತರೆ ಸರಿ, ಬಿದ್ದರೆ ಇನ್ನೊಂದು ನಿಮಿಷ. ನಂತರ ಕನಿಷ್ಠ 2 ಗಂಟೆ ಫ್ರಿಜ್ಜಿನಲ್ಲಿಡಬೇಕು.

ತಟ್ಟೆಯ ಲುಲಾ ಹೆಬ್ಬೆರಳಿಗಿಂತ ದಪ್ಪ. ಟಾಕೋಗೆ ಅದು ಬೇಡ. 2 ಸೆಂಟಿಮೀಟರ್ ಅಗಲದ ಸಲಾಕೆಗೆ 140 ಗ್ರಾಂ ಹಸಿ ಖೀಮಾವನ್ನು 22 ಸೆಂಟಿಮೀಟರ್ ಉದ್ದಕ್ಕೆ ಮೆತ್ತಿ, ಬೆರಳಿನ ಮಧ್ಯದಲ್ಲಿ ಒತ್ತಿ ಅಲೆಅಲೆಯಾಗಿ ಗೆರೆ ಮಾಡಿ, ಎರಡೂ ತುದಿಯನ್ನು ಸಲಾಕೆಗೆ ಬಿಗಿಯಾಗಿ ಅಂಟಿಸಿ. ಬೆಂದ ಮೇಲೆ ಸುಮಾರು 100 ಗ್ರಾಂ ಉಳಿಯುತ್ತದೆ, ಅದು ಎರಡು ಟಾಕೋ. ಐದು ಕಿಲೋ ಮಾಂಸದ ಈ ಮಿಶ್ರಣಕ್ಕೆ 40 ಸಲಾಕೆ, 80 ಟಾಕೋ. ಇಳಿಸಿದ ಮೇಲೆ ಅರ್ಧ ಸಲಾಕೆಯ ಕಬಾಬನ್ನು ಹಾಗೇ ಉದ್ದಕ್ಕೆ ಮಡಿಕೆಯೊಳಗೆ ಇಡುವುದು ನೋಡಲು ಚಂದ, ತಿನ್ನಲು ಕಷ್ಟ. ಮೊದಲೇ ಹೇಳಿದಂತೆ ಒಂದೇ ಕಚ್ಚಿಗೆ ಪೂರ್ತಿ ಎಳೆದು ಬರುತ್ತದೆ. ಓರೆಯಾಗಿ ನಾಲ್ಕು ತುಂಡು ಮಾಡಿ ಹಾಕಬೇಕು. ಕತ್ತರಿಸಿದ ಮುಖಗಳಿಂದ ರಸ ಇಳಿಯುತ್ತದಲ್ಲ ಎಂದು ಕೇಳಬಹುದು. ಅದಕ್ಕೆ ಅರ್ಮೇನಿಯನ್ನರೇ ಉತ್ತರ ಕೊಟ್ಟಿದ್ದಾರೆ, ಮುಂದೆ ಬರುತ್ತದೆ.

ಬೆಂಕಿಯ ವಿಷಯ. ಊರಿನಲ್ಲಿ ಇದನ್ನು ಸುಡುವುದು ಮಂಗಾಲ್ ಎಂಬ ಉದ್ದನೆಯ ಇದ್ದಿಲೊಲೆಯಲ್ಲಿ. ಅದಕ್ಕೆ ಜಾಲರಿಯೇ ಇಲ್ಲ, ಸಲಾಕೆಗಳು ಎರಡು ಅಂಚಿನ ಮೇಲೆ ಒರಗಿ ಕೆಂಡದ ಮೇಲೆ ತೇಲುತ್ತವೆ. ಅಮೆರಿಕದ ಬಾಡಿಗೆ ಕಟ್ಟಡದಲ್ಲಿ ಇದ್ದಿಲು ಹಾಕುವುದು ಸುಲಭವಲ್ಲ. ಕಟ್ಟಿಗೆ, ಇದ್ದಿಲಿನ ಒಲೆಯ ಹೊಗೆಕೊಳವೆ ಗ್ಯಾಸ್ ಒಲೆಯದರಿಂದ ಬೇರೆಯೇ ಇರಬೇಕೆಂದು ವಾಣಿಜ್ಯ ಅಡುಗೆಮನೆಗಳ ಅಗ್ನಿಸುರಕ್ಷಾ ಮಾನದಂಡ ಹೇಳುತ್ತದೆ. ಹೊಸ ಕೊಳವೆಯನ್ನು ಚಾವಣಿವರೆಗೆ ಒಯ್ಯುವ ಖರ್ಚೇ ಸಣ್ಣ ಅಂಗಡಿಯ ಬೆನ್ನು ಮುರಿಯುತ್ತದೆ. ಹಾಗಾಗಿ ನಮ್ಮ ಮಾದರಿಯಲ್ಲಿ ಗ್ಯಾಸ್ ಗ್ರಿಲ್ ಇದೆ. ಅದರ ಜಾಲರಿಯ ಮೇಲೆ ಲುಲಾ ಇಟ್ಟರೆ ಅಂಟಿ, ತಿರುಗಿಸುವಾಗ ಅರ್ಧ ಮಾಂಸ ಕಬ್ಬಿಣಕ್ಕೇ ಉಳಿಯುತ್ತದೆ. ಒಂದು ಇಂಚಿನ ಎರಡು ಚೌಕ ಉಕ್ಕಿನ ಕಂಬಿಗಳನ್ನು ಜಾಲರಿಯ ಮೇಲೆ ಅಡ್ಡ ಇಟ್ಟು ಸಲಾಕೆಯ ಎರಡು ತುದಿಯನ್ನು ಅವುಗಳ ಮೇಲೆ ಕೂರಿಸಿದರೆ ಮಂಗಾಲ್ ಆಯಿತು. ಇಟ್ಟ ತಕ್ಷಣ ಅರ್ಧ ನಿಮಿಷಕ್ಕೊಮ್ಮೆ ಹೊರಳಿಸಬೇಕು. ಎರಡೂ ಮೈ ಗಟ್ಟಿಯಾಗುವ ಮೊದಲು ಒಂದೇ ಕಡೆ ಬಿಟ್ಟರೆ ಮಾಂಸ ಜೋತು ಬೀಳುತ್ತದೆ. ಒಟ್ಟು 6–7 ನಿಮಿಷ. ಒಳಗೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಖೀಮಾದಲ್ಲಿ ಹೊರಮೈಯ ಸೂಕ್ಷ್ಮಜೀವಿಗಳು ಒಳಗೂ ಬೆರೆತಿರುವುದರಿಂದ ಇದರಲ್ಲಿ ರಾಜಿ ಇಲ್ಲ.

ಇಳಿಸಿದ ಸಲಾಕೆ ಎಲ್ಲಿಗೆ ಹೋಗುತ್ತದೆ ಎಂಬುದೇ ಈ ಇಡೀ ಪ್ರಕರಣದಲ್ಲಿ ನಮಗೆ ಅತ್ಯಂತ ಇಷ್ಟವಾದ ಭಾಗ. ಅರ್ಮೇನಿಯನ್ ಮನೆಗಳಲ್ಲಿ ಕಬಾಬ್ ಬಡಿಸುವ ಹರಿವಾಣದ ಅಡಿಗೆ ಲವಾಶ್ ಹಾಸುತ್ತಾರೆ. ಮಾಂಸದ ರಸ ಅದಕ್ಕೆ ಇಳಿಯುತ್ತದೆ, ಕೊನೆಗೆ ಜಗಳವಾಡಿಕೊಂಡು ತಿನ್ನುವುದು ಆ ನೆಂದ ಲವಾಶನ್ನೇ. (2014ರಲ್ಲಿ ಯುನೆಸ್ಕೊ ಅರ್ಮೇನಿಯಾದ ಲವಾಶ್ ತಯಾರಿಕೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.) ಇದನ್ನೇ ಅಡುಗೆಮನೆಯ ಕ್ರಮವಾಗಿಸಿ. ಗ್ರಿಲ್ಲಿನ ಪಕ್ಕದ ಟ್ರೇಗೆ ಲವಾಶ್ ಹಾಸಿ, ಸಲಾಕೆಯಿಂದ ಎಳೆದ ಕಬಾಬನ್ನು ಅದರ ಮೇಲೆ 2 ನಿಮಿಷ ಬಿಟ್ಟು, ಅಲ್ಲೇ ತುಂಡು ಮಾಡಿ, ನಂತರ ಟೊರ್ಟಿಯಕ್ಕೆ ಹಾಕಿ. ಟೊರ್ಟಿಯವನ್ನು ಒಡೆಯುತ್ತಿದ್ದ ರಸದ ಹೆಚ್ಚು ಪಾಲು ಲವಾಶ್‌ಗೆ ಹೋಗುತ್ತದೆ. ಅರ್ಧ ಗಂಟೆಗೊಮ್ಮೆ ಲವಾಶ್ ಬದಲಿಸಿ. ತೆಗೆದ ಲವಾಶನ್ನು ಎರಡು ಬೆರಳಗಲದ ಚೌಕ ಕತ್ತರಿಸಿ ಕೊಮಾಲ್ ಮೇಲೆ ಗರಿಗರಿಯಾಗುವವರೆಗೆ ಒಣಗಿಸಿ, ಬಿಸಿ ಸಾಲ್ಸಾದಲ್ಲಿ ಹೊರಳಿಸಿ ಮೇಲೊಂದು ಮೊಟ್ಟೆ ಒಡೆದು ಹಾಕಿದರೆ ಚಿಲಾಕಿಲೆಸ್. ಮೆಕ್ಸಿಕೊದಲ್ಲಿ ಹಳೆಯ ಟೊರ್ಟಿಯದಿಂದ ಮಾಡುವ ತಿಂಡಿ ಇಲ್ಲಿ ಕಬಾಬ್ ಎಣ್ಣೆ ಕುಡಿದ ಲವಾಶ್‌ನಿಂದ. ಎಸೆಯಬೇಕಾದದ್ದು ಮಾರಾಟವಾಗುತ್ತದೆ. ಒಂದೇ ನಿಯಮ: ತೆಗೆದ ಕೂಡಲೇ ಒಣಗಿಸಬೇಕು, ಆ ದಿನವೇ ಮುಗಿಯಬೇಕು, ಮಾಂಸದ ರಸವಿರುವ ಲವಾಶನ್ನು ಮರುದಿನಕ್ಕೆ ಇಡುವಂತಿಲ್ಲ.

ಹಾಗಾದರೆ ಟಾಕೋವನ್ನೇ ಲವಾಶ್‌ನಲ್ಲಿ ಕಟ್ಟಬಾರದೇಕೆ? ಬೇಡ. ತೆಳು ಲವಾಶ್ ಗಾಳಿಗೆ ಒಣಗಿದರೆ ಹಪ್ಪಳ, ಒದ್ದೆಯಾದರೆ ಅಂಟು. ಮಡಿಸಿದ ಗೆರೆಯಲ್ಲೇ ಹರಿಯುತ್ತದೆ. ಸುತ್ತಿ ತಿನ್ನುವ ಉದ್ದ ರೋಲ್‌ಗೆ ಅದು ಸರಿ, ಆಗ ಪದರದ ಮೇಲೆ ಪದರ ಬರುತ್ತದೆ. ಟಾಕೋ ಎಂದ ಮೇಲೆ ಟೊರ್ಟಿಯ ಇರಲಿ. ಟಾಕೋ ತಿನ್ನಲು ಬಂದವರು ಮೆಕ್ಕೆಜೋಳದ ಆ ವಾಸನೆಗೇ ಬಂದಿರುತ್ತಾರೆ. ಆ ವಾಸನೆ ಬರುವುದು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಹಾಕುವುದರಿಂದ. ಕಾಳಿನ ತೂಕದ ಸುಮಾರು 1 ಶೇಕಡಾ ಸುಣ್ಣ ಸಾಕು; ಅದು ಸಿಪ್ಪೆ ಸಡಿಲಿಸಿ ಹಿಟ್ಟಿಗೆ ಹಿಡಿತ ತರುತ್ತದೆ. ಬರೀ ಮೆಕ್ಕೆಜೋಳದ ಹಿಟ್ಟಿನಿಂದ ಟೊರ್ಟಿಯ ಮಾಡಲು ಹೋದವರಿಗೆ ಅದು ಬಿರಿಯುವುದು ಈ ಸುಣ್ಣ ಇಲ್ಲದ್ದಕ್ಕೇ.

ಬೀದಿಬದಿಯ ಟಾಕೋ ಅಂಗಡಿಗಳು ಎರಡು ಸಣ್ಣ ಟೊರ್ಟಿಯಗಳನ್ನು ಒಂದರ ಮೇಲೊಂದು ಇಟ್ಟು ಕೊಡುತ್ತವೆ. ನಮ್ಮ ಮಾದರಿಗೆ ಅದು ಹೊಂದುವುದಿಲ್ಲ. 14 ಸೆಂಟಿಮೀಟರ್ ಅಡ್ಡಳತೆಯ, 28 ಗ್ರಾಂ ತೂಗುವ ಒಂದೇ ದಪ್ಪ ಟೊರ್ಟಿಯ ಮೇಲು. ಕಾರಣ ಕೊಮಾಲ್ ಅಲ್ಲ, ಕೈ. 24 ಇಂಚಿನ ಕೊಮಾಲ್ ಮೇಲೆ ಈ ಅಳತೆಯವು 16 ಹಿಡಿಸುತ್ತವೆ, ಒಂದು ಸರದಿಗೆ ಒಂದೂವರೆ ನಿಮಿಷ. ಹಾಗೆ ನೋಡಿದರೆ ಗಂಟೆಗೆ 600ಕ್ಕೂ ಹೆಚ್ಚು ಬೇಯಿಸಬಹುದು. ಆದರೆ ಕೈಯೊತ್ತಿನ ಯಂತ್ರದಲ್ಲಿ ಒಬ್ಬರು ನಿಮಿಷಕ್ಕೆ ಎರಡೋ ಮೂರೋ ಒತ್ತಬಲ್ಲರು, ಗಂಟೆಗೆ 120–180. ಎರಡೆರಡು ಟೊರ್ಟಿಯ ಎಂದರೆ 240 ಬೇಕು, ಆಗ ಇಡೀ ಅಂಗಡಿ ಒಬ್ಬರ ತೋಳಿಗೆ ಕಾಯುತ್ತದೆ. ಒಂದೇ ಆದರೆ ತಡೆಯುತ್ತದೆ. ಅದೂ ಬೇಡವೆನಿಸಿದರೆ ಆ ದಿನ ಬೆಳಿಗ್ಗೆ ಮಾಡಿದ ಟೊರ್ಟಿಯವನ್ನು ಹತ್ತಿರದ ಟೊರ್ಟಿಯೇರಿಯದಿಂದ ತರಿಸಿ. ಲಾಸ್ ಏಂಜಲೀಸ್‌ನಲ್ಲಿ ಅದಕ್ಕೇನೂ ಬರವಿಲ್ಲ. ಫ್ರಿಜ್ಜಿಗೆ ಹೋಗಿ ಬಂದ ಟೊರ್ಟಿಯ ಮಾತ್ರ ಬೇಡ, ಅದರ ಪಿಷ್ಟ ಬಿಗಿದುಕೊಂಡು ಮಡಿಕೆಯಲ್ಲಿ ಒಡೆಯುತ್ತದೆ.

ಅಂಗಡಿಯಲ್ಲೇ ಮಾಡುವುದಾದರೆ 1 ಕಿಲೋ ಮಾಸಾ ಹಿಟ್ಟಿಗೆ (ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟು) 1.3ರಿಂದ 1.5 ಲೀಟರ್ ಬೆಚ್ಚಗಿನ ನೀರು, 20 ನಿಮಿಷ ಮುಚ್ಚಿಡಿ. ಉಂಡೆಯನ್ನು ಒತ್ತಿದಾಗ ಅಂಚು ಸೀಳಿದರೆ ನೀರು ಕಡಿಮೆ, ಪ್ಲಾಸ್ಟಿಕ್ಕಿಗೆ ಅಂಟಿದರೆ ಹೆಚ್ಚು. ಕೊಮಾಲ್ 230–260 ಡಿಗ್ರಿ ಇರಲಿ. ಮೊದಲ ಮೈ 25 ಸೆಕೆಂಡು, ಎರಡನೆಯದು 45–50, ಮತ್ತೆ ಹೊರಳಿಸಿದಾಗ ಉಬ್ಬಬೇಕು. ಉಬ್ಬಿದ್ದು ತೆಳು ಪದರ, ದಪ್ಪ ಪದರ ಎಂದು ಎರಡಾಗುತ್ತದೆ. ತೆಳು ಪದರ ಒಳಗೆ ಬರುವಂತೆ, ದಪ್ಪದ್ದು ಅಂಗೈಗೆ ತಾಗುವಂತೆ ಹಿಡಿಯಬೇಕು. ಹಾಗೆ ಹಿಡಿದರೆ ರಸ ತೆಳು ಪದರ ದಾಟಿದರೂ ದಪ್ಪದ್ದು ತಡೆಯುತ್ತದೆ.

ಮುಂದಿನ ತೊಂದರೆ ತೂಮ್‌ನದು. ಇದು ಮೊಟ್ಟೆಯೇ ಇಲ್ಲದ, ಬೆಳ್ಳುಳ್ಳಿಯ ಅಂಟಿನಿಂದ ಎಣ್ಣೆಯನ್ನು ಹಿಡಿದಿಟ್ಟ ಬಿಳಿ ಬೆಣ್ಣೆಯಂಥ ಸಾಸ್. ಸುಲಿದ ಬೆಳ್ಳುಳ್ಳಿ 250 ಗ್ರಾಂ (ನಡುವಿನ ಹಸಿರು ಮೊಳಕೆ ತೆಗೆದದ್ದು, ಇಲ್ಲದಿದ್ದರೆ ಕಹಿ), ಉಪ್ಪು 15 ಗ್ರಾಂ, ನಿಂಬೆರಸ 120 ಮಿಲಿಲೀಟರ್, ವಾಸನೆಯಿಲ್ಲದ ಎಣ್ಣೆ 900 ಮಿಲಿಲೀಟರ್, ಐಸ್ ನೀರು 60–80 ಮಿಲಿಲೀಟರ್. ಬೆಳ್ಳುಳ್ಳಿ, ಉಪ್ಪನ್ನು ಫುಡ್ ಪ್ರೊಸೆಸರಿನಲ್ಲಿ, ಗೋಡೆಯನ್ನು ಕೆರೆದು ಕೆರೆದು, ಒಂದೂ ತರಿ ಉಳಿಯದಂತೆ ಅರೆಯಿರಿ. ಎಣ್ಣೆಯನ್ನು ದಾರದಷ್ಟು ಸಣ್ಣಗೆ ಬಿಡುತ್ತ, ನಡುನಡುವೆ ನಿಂಬೆರಸ, ಐಸ್ ನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ. ಹತ್ತು ನಿಮಿಷದ ಕೆಲಸ. ಆತುರಪಟ್ಟರೆ ಮೋಟಾರಿನ ಬಿಸಿಗೆ ಒಡೆಯುತ್ತದೆ. ಒಡೆದರೆ ಸುರಿಯಬೇಡಿ. ಹೊಸದಾಗಿ 40 ಗ್ರಾಂ ಬೆಳ್ಳುಳ್ಳಿಯನ್ನು ಒಂದು ಚಮಚ ಐಸ್ ನೀರಿನಲ್ಲಿ ಅರೆದು, ಒಡೆದದ್ದನ್ನೇ ಎಣ್ಣೆಯಂತೆ ನಿಧಾನ ಸೇರಿಸಿದರೆ ಮತ್ತೆ ಕೂಡುತ್ತದೆ. ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿ ಕೋಣೆಯ ಬಿಸಿಗೆ ಕೂತರೆ ಬಾಟ್ಯುಲಿಸಂ ವಿಷದ ಅಪಾಯ ಇದೆ, ಹಾಗಾಗಿ ಸದಾ 5 ಡಿಗ್ರಿಗಿಂತ ಕೆಳಗೆ, ಕೌಂಟರಿನ ಮೇಲಿನ ಬಾಟಲಿಯೂ ಐಸಿನಲ್ಲಿ.

ಇಷ್ಟು ಜತನದಿಂದ ಮಾಡಿದ್ದನ್ನು ಗ್ರಿಲ್ಲಿನಿಂದ ಆಗತಾನೆ ಇಳಿದ ಮಾಂಸದ ಮೇಲೆ ಹಿಂಡಿದರೆ ಅರ್ಧ ನಿಮಿಷದೊಳಗೆ ಅಂಚು ಪಾರದರ್ಶಕವಾಗುತ್ತದೆ, ಬಿಳಿಯ ಸುತ್ತ ಹಳದಿ ಎಣ್ಣೆಯ ಉಂಗುರ ಕಾಣುತ್ತದೆ, ಆ ಎಣ್ಣೆ ಮಡಿಕೆಯ ಕಡೆ ಹರಿಯುತ್ತದೆ. ಪರಿಹಾರ ಸರಳ: ತೂಮ್ ಮಾಂಸವನ್ನು ಮುಟ್ಟಬಾರದು. ಮಾಂಸದ ಮೇಲೆ ಈರುಳ್ಳಿ ಅಥವಾ ಎಲೆಕೋಸು, ಅದರ ಮೇಲೆ ತೂಮ್, 6 ಗ್ರಾಂ ಮಾತ್ರ. ತಟ್ಟೆ ಕಬಾಬ್‌ಗೆ ಬಟ್ಟಲುಗಟ್ಟಲೆ ಕೊಡುವ ಅಭ್ಯಾಸವನ್ನು ಇಲ್ಲಿ ಬಿಡಬೇಕು. ತೂಮ್ ಇರುವ ಟಾಕೋಗೆ ಮೊಸರಿನ ಸಾಸ್ ಬೇಡ. ಮೊಸರು ಬೇಕೆನ್ನುವ ಟಾಕೋಗೆ ಮಾತ್ಸೂನನ್ನು (ಅರ್ಮೇನಿಯನ್ ಮೊಸರು) ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿ, 1 ಕಿಲೋ 600 ಗ್ರಾಂಗೆ ಇಳಿದ ಮೇಲೆ ಸುಟ್ಟ ಸೆರಾನೊ ಮೆಣಸಿನಕಾಯಿ ಬೆರೆಸಿ.

ಸಾಲ್ಸಾ ಎರಡು ಅಡುಗೆಗಳು ನಿಜಕ್ಕೂ ಸೇರುವ ಜಾಗ. ಖೊರೊವಾತ್ಸ್ ಮಾಡುವಾಗ ಟೊಮೆಟೊ, ಬದನೆ, ಮೆಣಸಿನಕಾಯಿಯನ್ನು ಇಡಿಯಾಗಿ ಕೆಂಡದಲ್ಲಿ ಸುಟ್ಟು, ಸಿಪ್ಪೆ ತೆಗೆದು, ಈರುಳ್ಳಿ, ಸೊಪ್ಪಿನ ಜೊತೆ ಕೊಚ್ಚುತ್ತಾರೆ. ಮೆಕ್ಸಿಕೊದ ಸಾಲ್ಸಾ ತಾತೆಮಾದಾ ಕೂಡ ಸುಟ್ಟ ಟೊಮೆಟೊ, ಮೆಣಸಿನಕಾಯಿ, ಬೆಳ್ಳುಳ್ಳಿಯದೇ. ಎರಡು ಬೇರೆ ಸಾಸ್ ಇಟ್ಟು ಅರ್ಮೇನಿಯನ್ ಬದಿ, ಮೆಕ್ಸಿಕನ್ ಬದಿ ಎಂದು ಗೆರೆ ಎಳೆಯುವ ಅಗತ್ಯವೇ ಇಲ್ಲ. ಟೊಮೆಟೊ 3 ಕಿಲೋ, ಬದನೆ 1 ಕಿಲೋ, ದಪ್ಪ ಕೆಂಪು ಮೆಣಸಿನಕಾಯಿ 1 ಕಿಲೋ, ಹಲಪೆನ್ಯೊ 250 ಗ್ರಾಂ, ಉಪ್ಪು 45 ಗ್ರಾಂ. ಎಲ್ಲ ಸುಟ್ಟು ಸುಲಿದು, ಜಾಲರಿಯಲ್ಲಿ ಅರ್ಧ ಗಂಟೆ ಸೋರಿಸಿ, ಆಮೇಲೆ ಚಾಕುವಿನಿಂದ ಕೊಚ್ಚಬೇಕು. ಮಿಕ್ಸಿಗೆ ಹಾಕಿದರೆ ನೀರಾಗುತ್ತದೆ. ಬದನೆ ಇಲ್ಲಿ ಗಟ್ಟಿತನಕ್ಕೆ. ಉಳಿದ ನೀರನ್ನು ಅದು ಹಿಡಿದುಕೊಳ್ಳುತ್ತದೆ. ಸೋರಿದ ರಸ ಚಿಲಾಕಿಲೆಸ್‌ಗೆ ಹೋಗಲಿ.

ಸುಮಾಕ್ ಈರುಳ್ಳಿಗೆ ಉಪ್ಪು ಹಾಕಬೇಡಿ, ಹಾಕಿದರೆ ಹತ್ತು ನಿಮಿಷದಲ್ಲಿ ಬಟ್ಟಲಿನ ತಳದಲ್ಲಿ ಕೆಂಪು ನೀರು. ಹುಳಿಗೂ ಒಂದು ಮಿತಿ ಬೇಕು. ಸುಮಾಕ್, ಮೊಸರು, ನಿಂಬೆ, ತೊರ್ಶಿ ಉಪ್ಪಿನಕಾಯಿ ನಾಲ್ಕೂ ಹುಳಿಯೇ. ಒಂದು ಟಾಕೋಗೆ ಎರಡಕ್ಕಿಂತ ಹೆಚ್ಚು ಬೇಡ.

ಕೋಳಿ ಅಷ್ಟು ಕಾಡುವುದಿಲ್ಲ. ಮೂಳೆ ತೆಗೆದ ತೊಡೆ 10 ಕಿಲೋಗೆ ಉಪ್ಪು 150 ಗ್ರಾಂ, ಕೆಂಪು ಮೆಣಸಿನ ಪೇಸ್ಟ್ 400 ಗ್ರಾಂ, ಬೆಳ್ಳುಳ್ಳಿ 120 ಗ್ರಾಂ, ಎಣ್ಣೆ 300 ಮಿಲಿಲೀಟರ್, ನಿಂಬೆರಸ 150 ಮಿಲಿಲೀಟರ್, ಜೊತೆಗೆ ಲುಲಾದಿಂದ ಉಳಿದ ಈರುಳ್ಳಿ ರಸ. 8ರಿಂದ 18 ಗಂಟೆ ನೆನೆಯಲಿ; ಅದಕ್ಕೂ ಮೀರಿದರೆ ಹುಳಿಗೆ ಮೇಲ್ಮೈ ಹಿಟ್ಟುಹಿಟ್ಟಾಗುತ್ತದೆ. ಸಲಾಕೆಗೆ 200 ಗ್ರಾಂ, 12 ನಿಮಿಷ, ಒಳಗೆ 74 ಡಿಗ್ರಿ. 10 ಕಿಲೋ ಬೆಂದು ಸುಮಾರು 7 ಕಿಲೋ ಆಗುತ್ತದೆ, 45 ಗ್ರಾಂ ಲೆಕ್ಕದಲ್ಲಿ 155 ಟಾಕೋ. ಇದಕ್ಕೆ ತೆಳು ಮೈದಾ ಟೊರ್ಟಿಯ ಚೆನ್ನು. ಅದರೊಳಗಿನ ಕೊಬ್ಬು ತೂಮ್‌ನ ಎಣ್ಣೆಗೆ ಹೆದರುವುದಿಲ್ಲ. ಫ್ರಿಜ್ಜಿನಲ್ಲಿ ಹಸಿ ಕೋಳಿ ಯಾವಾಗಲೂ ಎಲ್ಲಕ್ಕಿಂತ ಕೆಳಗಿನ ಹಲಗೆಯ ಮೇಲೆ.

ಸಸ್ಯಾಹಾರಿಗಳಿಗೆ ಅಣಬೆ ಸುಟ್ಟು ಕೊಡುವುದು ಎಲ್ಲರೂ ಮಾಡುವ ಕೆಲಸ. ಅರ್ಮೇನಿಯನ್ನರ ಉಪವಾಸದ ದಿನಗಳ ವೊಸ್ಪೊವ್ ಕೊಫ್ತೆ ಅದಕ್ಕಿಂತ ಬಹಳ ಮೇಲು. ಸಿಪ್ಪೆ ತೆಗೆದ ಮಸೂರ್ ಬೇಳೆ 500 ಗ್ರಾಂ, ನೀರು 1.4 ಲೀಟರ್, ಬೇಳೆ ಪೂರ್ತಿ ಕರಗಿದಾಗ ಒಲೆ ಆರಿಸಿ ಸಣ್ಣ ಬಲ್ಗರ್ 320 ಗ್ರಾಂ ಸೇರಿಸಿ ಅರ್ಧ ಗಂಟೆ ಮುಚ್ಚಿಡಿ. 150 ಮಿಲಿಲೀಟರ್ ಎಣ್ಣೆಯಲ್ಲಿ ಕಂದಿಸಿದ ಈರುಳ್ಳಿ, ಮೆಣಸಿನ ಪೇಸ್ಟ್, ಜೀರಿಗೆ, ಪಾರ್ಸ್ಲಿ ಹಾಕಿ ನಾದಿ. ಕರ್ನಾಟಕದ ಅಡುಗೆಮನೆಯಲ್ಲಿ ಮಾಡಿ ನೋಡುವವರು ಗಮನಿಸಿ: ನಮ್ಮ ಅಂಗಡಿಯ ಗೋಧಿ ನುಚ್ಚು ಹಸಿಯದು, ಬಲ್ಗರ್ ಬೇಯಿಸಿ ಒಣಗಿಸಿ ಒಡೆದದ್ದು. ನುಚ್ಚನ್ನೇ ಬಳಸಿದರೆ ಬಿಸಿಗೆ ನೆನೆದರೂ ಹಲ್ಲಿಗೆ ಕಡಿಯಲು ಸಿಗುತ್ತದೆ; ಅದನ್ನು ಮೊದಲು ಬೇಯಿಸಿಯೇ ಸೇರಿಸಬೇಕು. ಕೊಫ್ತೆ ಮೆತ್ತಗಿರುವುದರಿಂದ ಮೆತ್ತನೆ ಟೊರ್ಟಿಯಕ್ಕಿಂತ ಕರಿದ ಗರಿ ತೊಸ್ತಾದಾ ಮೇಲೆ ಹಚ್ಚಿ, ಮೇಲೆ ತೊರ್ಶಿ ಎಲೆಕೋಸು ಹಾಕಬೇಕು.

ಈಗ ಶುಕ್ರವಾರ ಸಂಜೆ 7ರಿಂದ 9. ಗಂಟೆಗೆ 120ರಲ್ಲಿ 50 ಲುಲಾ, 50 ಕೋಳಿ, 20 ಕೊಫ್ತೆ ಎಂದಿಟ್ಟುಕೊಳ್ಳೋಣ. ಲುಲಾಗೆ 25 ಸಲಾಕೆ, ತಲಾ 7 ನಿಮಿಷ: 175 ಸಲಾಕೆ-ನಿಮಿಷ. ಕೋಳಿಗೆ 16 ಸಲಾಕೆ, ತಲಾ 12: 192. ಒಟ್ಟು 367. ಮೂರು ಇಂಚಿಗೊಂದರಂತೆ 12 ಸಲಾಕೆ ಹಿಡಿಸುವ ಗ್ರಿಲ್ಲಿನ ಶಕ್ತಿ 720. ಅರ್ಧ ಗ್ರಿಲ್ ಖಾಲಿ. ಹಾಗಿದ್ದೂ ಆರ್ಡರುಗಳು ತಡವಾಗುತ್ತವೆ. ಚೀಟಿ ಬಂದ ಮೇಲೆ ಸಲಾಕೆ ಇಟ್ಟರೆ ಕೋಳಿಗೆ 12 ನಿಮಿಷ, ವಿಶ್ರಾಂತಿ, ಕತ್ತರಿಸುವುದು, ಕಟ್ಟುವುದು ಸೇರಿ 16 ನಿಮಿಷವಾಗುತ್ತದೆ, ಟಾಕೋ ಅಂಗಡಿಗೆ ಅದು ಬಹಳ ಹೆಚ್ಚು. ಮೊದಲೇ ಸುಟ್ಟು ಬಿಸಿಪೆಟ್ಟಿಗೆಯಲ್ಲಿ ರಾಶಿ ಹಾಕಿದರೆ ಲುಲಾ ಹತ್ತು ನಿಮಿಷದಲ್ಲಿ ಗಟ್ಟಿಯಾಗುತ್ತದೆ.

ಮಧ್ಯದ ದಾರಿ ಇದು: ಜೋರಿನ ಹೊತ್ತಿನಲ್ಲಿ ಚೀಟಿ ಇರಲಿ ಬಿಡಲಿ, ಬೆಂಕಿಯ ಮೇಲೆ ಸದಾ 4 ಲುಲಾ, 4 ಕೋಳಿ ಸಲಾಕೆ ಇರಬೇಕು. ಒಂದು ತೆಗೆದರೆ ಒಂದು ಇಡಬೇಕು. ಬಲಗಡೆ ಹೊಸದು, ಎಡಗಡೆ ಬೆಂದದ್ದು, ತೆಗೆಯುವುದು ಯಾವಾಗಲೂ ಎಡಗಡೆಯಿಂದ. ಲವಾಶ್ ಟ್ರೇಯಲ್ಲಿ ಎರಡು ಸಲಾಕೆಯಷ್ಟೇ ಮಾಂಸ ಕಾಯಬಹುದು. ಹೀಗೆ ಮಾಡಿದರೆ ಚೀಟಿಯಿಂದ ಕೈಗೆ ಬರಲು 5–6 ನಿಮಿಷ. ನಾಲ್ವರಲ್ಲಿ ಒಬ್ಬರು ಗ್ರಿಲ್, ಒಬ್ಬರು ಕೊಮಾಲ್, ಒಬ್ಬರು ಕಟ್ಟುವುದು, ಒಬ್ಬರು ಕೌಂಟರ್. ಕಟ್ಟುವವರ ಕ್ರಮ ಬದಲಾಗಬಾರದು: ಟೊರ್ಟಿಯ, ಮಾಂಸ 50 ಗ್ರಾಂ, ಸಾಲ್ಸಾ 12, ಈರುಳ್ಳಿ 8, ತೂಮ್ 6. ಆರಂಭದ ಲೆಕ್ಕದಲ್ಲಿ ಐದೂವರೆ ಪಟ್ಟು ಇದ್ದ ಹೂರಣ ಈಗ 28 ಗ್ರಾಂ ಟೊರ್ಟಿಯದ ಮೇಲೆ 76 ಗ್ರಾಂ, ಮೂರು ಪಟ್ಟಿಗೂ ಕಡಿಮೆ.

ದುಡ್ಡಿನ ಲೆಕ್ಕ. ಲುಲಾ ಮಿಶ್ರಣ ಕಿಲೋಗೆ 14 ಡಾಲರ್ ಬಿದ್ದರೆ ಟಾಕೋಗೆ 70 ಗ್ರಾಂ ಹಸಿ ತೂಕಕ್ಕೆ 98 ಸೆಂಟ್. ಟೊರ್ಟಿಯ 15, ಸಾಲ್ಸಾ–ಈರುಳ್ಳಿ–ಸೊಪ್ಪು 25, ತೂಮ್ 7, ಕಾಗದ 15. ಒಟ್ಟು 1 ಡಾಲರ್ 60 ಸೆಂಟ್. 5 ಡಾಲರಿಗೆ ಮಾರಿದರೆ ಸಾಮಾನಿನ ಖರ್ಚು 32 ಶೇಕಡಾ. ಇದು ತಡೆದುಕೊಳ್ಳಬಹುದಾದ ಮಟ್ಟ. ಅಪಾಯ ಮಧ್ಯಾಹ್ನ 3ರಿಂದ 5ರಲ್ಲಿದೆ. ಲಾಸ್ ಏಂಜಲೀಸ್ ನಗರದ ಕನಿಷ್ಠ ಕೂಲಿ 2025ರ ಜುಲೈ 1ರಂದು ಗಂಟೆಗೆ 17.87 ಡಾಲರಿಗೆ ಏರಿತು, ಲೆಕ್ಕಕ್ಕೆ ಅದನ್ನೇ ಹಿಡಿದಿದ್ದೇವೆ. ನಾಲ್ವರಿಗೆ 71.48. ಸಂಜೆ 600 ಡಾಲರ್ ವ್ಯಾಪಾರದ ಗಂಟೆಯಲ್ಲಿ ಅದು 12 ಶೇಕಡಾ. 25 ಟಾಕೋ ಹೋಗುವ ಮಧ್ಯಾಹ್ನದ ಗಂಟೆಯಲ್ಲಿ 57. ಆ ಎರಡು ಗಂಟೆಗೆ ಇಬ್ಬರೇ ಇರಲಿ, ಗ್ರಿಲ್ಲಿನ ಅರ್ಧ ಆರಿಸಲಿ, ಪಟ್ಟಿಯಲ್ಲಿ ಕೊಫ್ತೆ ತೊಸ್ತಾದಾ, ಲವಾಶ್ ಚಿಲಾಕಿಲೆಸ್, ಕೋಳಿ ಟಾಕೋ ಮೂರೇ ಉಳಿಯಲಿ. ಇಬ್ಬರಲ್ಲಿ ಒಬ್ಬರು ಮಾರುತ್ತ, ಇನ್ನೊಬ್ಬರು ಸಂಜೆಯ 25 ಲುಲಾ ಸಲಾಕೆ ಮೆತ್ತಿ ಫ್ರಿಜ್ಜಿಗಿಟ್ಟರೆ ಆ ಕೂಲಿಯೂ ಸಂಜೆಯ ವ್ಯಾಪಾರದ ಲೆಕ್ಕಕ್ಕೆ ಸೇರುತ್ತದೆ. ಮೆತ್ತಿದ ಸಲಾಕೆ 5 ಡಿಗ್ರಿಯೊಳಗೆ ನಾಲ್ಕು ಗಂಟೆ ಚೆನ್ನಾಗಿ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಬಿಟ್ಟರೆ ಖೀಮಾ ನೀರು ಬಿಡತೊಡಗಿ ಅಂಟು ಸಡಿಲವಾಗುತ್ತದೆ. ಆದ್ದರಿಂದ 8 ಗಂಟೆಯ ನಂತರಕ್ಕೆ ಬೇಕಾದ 25 ಸಲಾಕೆಯನ್ನು 6 ಗಂಟೆಗೆ, ಮೂರನೆಯವರು ಕೆಲಸಕ್ಕೆ ಬಂದ ಮೇಲೆ ಮೆತ್ತುವುದು ಸರಿ.